ಲ್ಯೂಬೆಕ್: ಉಪ್ಪು, ಹೆರಿಂಗ್ ಮೀನು, ಇಟ್ಟಿಗೆ. ಈ ಊರನ್ನು ಓದುವುದು ಹೇಗೆ?

ನಕ್ಷೆಪ್ರಿಯ

ಉತ್ತರ ಜರ್ಮನಿಗೆ ಹೋಗುವವರು ಹ್ಯಾಂಬರ್ಗ್‌ನಿಂದ ಅರ್ಧ ದಿನಕ್ಕೆಂದು ಲ್ಯೂಬೆಕ್‌ಗೆ ಬಂದು, ಹೋಲ್‌ಸ್ಟೆನ್ ಬಾಗಿಲಿನ ಮುಂದೆ ಫೋಟೊ ತೆಗೆದು, ಬಾದಾಮಿ ಸಿಹಿ ಕೊಂಡು ವಾಪಸಾಗುತ್ತಾರೆ. ಊರಿಗೆ ಇದು ಅನ್ಯಾಯ. 1143ರಲ್ಲಿ ಹೋಲ್‌ಸ್ಟೈನ್‌ನ ಎರಡನೇ ಅಡಾಲ್ಫ್ ಕಟ್ಟಿಸಿದ, 1159ರಲ್ಲಿ ಸ್ಯಾಕ್ಸನಿಯ ಹೆನ್ರಿ (ಸಿಂಹ ಎಂಬ ಬಿರುದಿನವನು) ಮತ್ತೆ ಕಟ್ಟಿಸಿದ ಈ ಊರು 1226ರಲ್ಲಿ ಚಕ್ರವರ್ತಿಗೆ ನೇರವಾಗಿ ಅಧೀನವಾದ ಸ್ವತಂತ್ರ ನಗರವಾಯಿತು. 1937ರವರೆಗೆ, ಅಂದರೆ 711 ವರ್ಷ, ಹಾಗೇ ಉಳಿಯಿತು. ಹಾನ್ಸೆ ಎಂಬ ವರ್ತಕ ಕೂಟದ ಮೊದಲ ಮಹಾಸಭೆ 1356ರಲ್ಲಿ, ಕೊನೆಯದು 1669ರಲ್ಲಿ, ಎರಡೂ ನಡೆದದ್ದು ಇಲ್ಲೇ.

ನನ್ನ ಪ್ರಶ್ನೆ ಎರಡು. ಗಣಿಯಿಲ್ಲದ, ಸಮುದ್ರದಿಂದ ಸುಮಾರು 20 ಕಿ.ಮೀ. ಒಳಗಿರುವ ಈ ಊರೇ ಏಕೆ ಹಾನ್ಸೆಯ ತಲೆಯೂರಾಯಿತು? ಒಂದೆರಡು ದಿನ ಇರುವವರು ಆ ವ್ಯಾಪಾರ ಕಣ್ಣಿಗೆ ಕಾಣಬೇಕಾದರೆ ಏನು ನೋಡಬೇಕು?

ದೋಣಿಸಾಲು

ಮೊದಲ ಪ್ರಶ್ನೆಗೆ ಉತ್ತರ ನಕ್ಷೆಯಲ್ಲೇ ಇದೆ. ಜಟ್‌ಲ್ಯಾಂಡ್ ಪರ್ಯಾಯದ್ವೀಪದ ಬುಡ ನೋಡಿ. ಪಶ್ಚಿಮಕ್ಕೆ ಎಲ್ಬೆ ನದಿಯ ಮೇಲೆ ಹ್ಯಾಂಬರ್ಗ್. ಅಲ್ಲಿಂದ ಉತ್ತರ ಸಮುದ್ರಕ್ಕೆ ದಾರಿ. ಪೂರ್ವಕ್ಕೆ ಟ್ರಾವ ನದಿಯ ಮೇಲೆ ಲ್ಯೂಬೆಕ್. ಅಲ್ಲಿಂದ ಬಾಲ್ಟಿಕ್‌ಗೆ ದಾರಿ. ನಡುವೆ ನೆಲದ ಮೇಲೆ ಸುಮಾರು 60 ಕಿ.ಮೀ. ಹಡಗಿನಲ್ಲೇ ಹೋಗುವುದಾದರೆ ಡೆನ್ಮಾರ್ಕ್‌ನ ತುದಿ ಸ್ಕಾಗೆನ್ ಸುತ್ತಬೇಕು. ಮರಳುದಿಣ್ಣೆ, ಬಿರುಗಾಳಿ, ಮೇಲೆ ಡೆನ್ಮಾರ್ಕ್ ರಾಜನ ಕಣ್ಣು. ಆದ್ದರಿಂದ ಬೆಲೆಬಾಳುವ ಸರಕು ಲ್ಯೂಬೆಕ್‌ನಲ್ಲಿ ಇಳಿದು, ಗಾಡಿಯಲ್ಲಿ ಹ್ಯಾಂಬರ್ಗ್ ಸೇರಿ, ಮತ್ತೆ ಹಡಗು ಹತ್ತುತ್ತಿತ್ತು. 1241ರಲ್ಲಿ ಎರಡೂ ಊರುಗಳು ಈ ದಾರಿಯನ್ನು ಕಳ್ಳಕಾಕರಿಂದ ಕಾಯುವ ಒಪ್ಪಂದ ಮಾಡಿಕೊಂಡವು.

ಪೂರ್ವದಿಂದ ಬರುತ್ತಿದ್ದದ್ದು ರಷ್ಯಾದ ನೊವ್‌ಗೊರೋಡ್‌ನ ತುಪ್ಪಳ ಮತ್ತು ಜೇನುಮೇಣ, ಪ್ರಶಿಯಾದ ಧಾನ್ಯ, ಸ್ವೀಡನ್‌ನ ತಾಮ್ರ. ಪಶ್ಚಿಮದಿಂದ ಹೋಗುತ್ತಿದ್ದದ್ದು ಫ್ಲಾಂಡರ್ಸ್‌ನ ಉಣ್ಣೆಬಟ್ಟೆ, ವೈನ್, ಮಸಾಲೆ. ನಮ್ಮ ಪಶ್ಚಿಮ ಕರಾವಳಿಯ ಕಾಳುಮೆಣಸು ಕೂಡ ವೆನಿಸ್, ಬ್ರೂಜ್ ಹಾದು ಇಲ್ಲಿಗೆ ಬರುತ್ತಿತ್ತು. ಶ್ರೀಮಂತ ವರ್ತಕನನ್ನು ಜರ್ಮನ್‌ನಲ್ಲಿ ಇವತ್ತಿಗೂ ‘ಫೆಫರ್‌ಸಾಕ್’, ಅಂದರೆ ಮೆಣಸಿನ ಮೂಟೆ, ಎಂದು ಚುಚ್ಚಿ ಕರೆಯುವುದು ಅದಕ್ಕೇ.

ಉಪ್ಪಿನಹರಳು

ತುಪ್ಪಳ, ಮೆಣಸು ಹೆಸರಿಗೆ ದೊಡ್ಡವು. ಊರಿನ ಬೆನ್ನೆಲುಬು ಉಪ್ಪು ಮತ್ತು ಹೆರಿಂಗ್. ಇವೆರಡನ್ನು ಸರಿಯಾಗಿ ಹಿಡಿದರೆ ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಹೆರಿಂಗ್ ನಮ್ಮ ಬೂತಾಯಿಯ ಬಳಗದ ಎಣ್ಣೆಮೀನು. ಕಾಡ್ ಮೀನಿನಲ್ಲಿ ಕೊಬ್ಬು ಕಡಿಮೆ. ನಾರ್ವೆಯ ತಣ್ಣನೆಯ ಗಾಳಿಗೆ ತೂಗುಹಾಕಿದರೆ ಉಪ್ಪಿಲ್ಲದೆಯೇ ಮರದ ತುಂಡಿನಂತೆ ಒಣಗುತ್ತದೆ. ಹೆರಿಂಗ್ ಹಾಗಲ್ಲ. ಗಾಳಿಗೆ ಬಿಟ್ಟರೆ ಒಣಗುವ ಮೊದಲೇ ಕೊಬ್ಬು ಕಮಟುತ್ತದೆ. ಹಿಡಿದ ಒಂದು ದಿನದೊಳಗೆ ಕಿವಿರು ಮತ್ತು ಕರುಳಿನ ಒಂದು ಭಾಗ ಕಿತ್ತು, ಉಪ್ಪು ಬೆರೆಸಿ, ಪೀಪಾಯಿಯಲ್ಲಿ ಪದರಪದರವಾಗಿ ಒತ್ತಬೇಕು. ಮೀನು ಬಿಡುವ ನೀರೇ ಉಪ್ಪುನೀರಾಗಿ ಗಾಳಿಯನ್ನು ತಡೆಯುತ್ತದೆ. ಕೆಲದಿನಗಳಲ್ಲಿ ಮೀನು ಕುಗ್ಗಿ ಪೀಪಾಯಿ ಅರೆಖಾಲಿಯಾಗುತ್ತದೆ. ಮತ್ತೆ ತುಂಬಿ ಮುಚ್ಚಳ ಬಿಗಿಯಬೇಕು. ಪೀಪಾಯಿ ಸೋರಿ ಉಪ್ಪುನೀರು ಇಳಿದರೆ ಮೇಲಿನ ಪದರ ಕೆಡುತ್ತದೆ. ಸುಮಾರು ನಾಲ್ಕೈದು ಪೀಪಾಯಿ ಮೀನಿಗೆ ಒಂದು ಪೀಪಾಯಿ ಉಪ್ಪು ಬೇಕು.

ಈ ಮೀನು ಸಿಗುತ್ತಿದ್ದದ್ದು ಸ್ಕಾನಿಯಾದಲ್ಲಿ. ಈಗ ಅದು ಸ್ವೀಡನ್‌ನ ದಕ್ಷಿಣ ತುದಿ, ಆಗ ಡೆನ್ಮಾರ್ಕ್‌ನದು. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಸ್ಕಾನೊರ್ ಮತ್ತು ಫಾಲ್‌ಸ್ಟರ್‌ಬೊ ದಂಡೆಯಲ್ಲಿ ದೊಡ್ಡ ಸಂತೆ. ಒಂದೊಂದು ಊರಿನ ವರ್ತಕರಿಗೂ ‘ಫಿಟ್ಟೆ’ ಎಂಬ ತಮ್ಮದೇ ನಿವೇಶನ. ಯುರೋಪಿನಲ್ಲಿ ಚರ್ಚ್‌ನ ಉಪವಾಸದ ದಿನಗಳಲ್ಲಿ ಮಾಂಸ ತಿನ್ನುವಂತಿರಲಿಲ್ಲ, ಮೀನು ತಿನ್ನಬಹುದಿತ್ತು. ಬೇಡಿಕೆಗೆ ಕೊನೆಯೇ ಇರಲಿಲ್ಲ.

ಕಡಲಗಾಳಿ

ಒಂದು ಸಂದೇಹ. ಸಮುದ್ರ ಪಕ್ಕದಲ್ಲೇ ಇರುವಾಗ ಉಪ್ಪನ್ನು ಬೇರೆ ಕಡೆಯಿಂದ ತರಬೇಕಾದದ್ದೇಕೆ? ನಮ್ಮಲ್ಲಿ ಸಾಣಿಕಟ್ಟೆಯಂತೆ ಗದ್ದೆ ಕಟ್ಟಿ ಒಣಗಿಸಬಹುದಿತ್ತಲ್ಲ?

ಉಪ್ಪಿನಹರಳು

ಬಿಸಿಲು ಸಾಲದು, ಮಳೆ ಹೆಚ್ಚು. ಅದಕ್ಕಿಂತ ದೊಡ್ಡ ತೊಡಕು ಬಾಲ್ಟಿಕ್‌ನ ನೀರೇ. ಮಹಾಸಾಗರದ ಒಂದು ಕಿಲೋ ನೀರಿನಲ್ಲಿ 35 ಗ್ರಾಂ ಲವಣ ಇದ್ದರೆ ಲ್ಯೂಬೆಕ್ ಕೊಲ್ಲಿಯ ಆಸುಪಾಸಿನಲ್ಲಿ ಸುಮಾರು 10ರಿಂದ 15 ಗ್ರಾಂ ಮಾತ್ರ. ಒಂದು ಕಿಲೋ ಉಪ್ಪಿಗೆ 70–100 ಲೀಟರ್ ನೀರು ಕುದಿಸಬೇಕು. ಅಷ್ಟು ಸೌದೆ ಸುಟ್ಟರೆ ವ್ಯಾಪಾರ ಹುಟ್ಟುವುದಿಲ್ಲ.

ಎಲ್ಬೆಯ ದಕ್ಷಿಣಕ್ಕಿರುವ ಲ್ಯೂನೆಬುರ್ಗ್ ಊರಿನಲ್ಲಿ ನೆಲದಡಿಯ ಉಪ್ಪಿನ ಗುಡ್ಡೆಯಿಂದ ಬರುವ ಉಪ್ಪುನೀರಿನಲ್ಲಿ ತೂಕದ ಸುಮಾರು ಶೇ 26ರಷ್ಟು ಉಪ್ಪು, ಅಂದರೆ ನೀರು ಹಿಡಿಯಬಲ್ಲ ಗರಿಷ್ಠ ಮಟ್ಟದ ಹತ್ತಿರ. ಒಂದು ಕಿಲೋ ಉಪ್ಪಿಗೆ ಸುಮಾರು ಮೂರು ಕಿಲೋ ನೀರು ಆವಿಯಾದರೆ ಸಾಕು. 956ರ ದಾಖಲೆಯಲ್ಲೇ ಈ ಉಪ್ಪಿನ ಕೆಲಸದ ಉಲ್ಲೇಖವಿದೆ. ಮಧ್ಯಯುಗದಲ್ಲಿ 54 ಕುದಿಮನೆ, ಒಂದೊಂದರಲ್ಲಿ ನಾಲ್ಕು ಸೀಸದ ಬಾಣಲೆ, ಒಟ್ಟು 216. ಸೀಸ ಕರಗುವುದು 327 ಡಿಗ್ರಿಗೆ. ಗಟ್ಟಿ ಉಪ್ಪುನೀರು ಕುದಿಯುವುದು 108ರ ಸುಮಾರಿಗೆ. ಬಾಣಲೆಯಲ್ಲಿ ನೀರಿರುವವರೆಗೆ ಅಪಾಯವಿಲ್ಲ. ತಳದಲ್ಲಿ ಉಪ್ಪು ಕಟ್ಟಿದರೆ ಅಥವಾ ನೀರು ಬತ್ತಿದರೆ ಶಾಖ ನೀರಿಗೆ ದಾಟದೆ ಬಾಣಲೆಯೇ ಕರಗುತ್ತದೆ. ಹಾಗಾಗಿ ಬಾಣಲೆಗಳನ್ನು ಆಗಾಗ ಕರಗಿಸಿ ಹೊಸದಾಗಿ ಎರಕ ಹೊಯ್ಯುವುದು ದಿನನಿತ್ಯದ ಕೆಲಸದ ಭಾಗವಾಗಿತ್ತು. ಉತ್ಪಾದನೆ ನಿಂತದ್ದು 1980ರಲ್ಲಿ. ಆ ಜಾಗದಲ್ಲಿ ಈಗ ಉಪ್ಪಿನ ವಸ್ತುಸಂಗ್ರಹಾಲಯವಿದೆ. ಎರಡನೇ ದಿನ ಇರುವವರು ಅಲ್ಲಿಗೆ ಹೋಗಲೇಬೇಕು. ಉಪ್ಪು ತೆಗೆದ ಕಡೆ ನೆಲ ಕುಸಿದು ಗೋಡೆಗಳು ಬಾಗಿರುವುದನ್ನು ಅಲ್ಲಿನ ಹಳೆಯ ಬೀದಿಗಳಲ್ಲಿ ಬರಿಗಣ್ಣಿನಲ್ಲೇ ಕಾಣಬಹುದು.

ದೋಣಿಸಾಲು

ಆ ಉಪ್ಪು ಲ್ಯೂಬೆಕ್ ಮುಟ್ಟಿದ ದಾರಿಯನ್ನೂ ಹೇಳಬೇಕು. ಮೊದಲು ಗಾಡಿ, ಮರಳು ಮಣ್ಣಿನ ರಸ್ತೆ. 1391ರಿಂದ 1398ರವರೆಗೆ ಸ್ಟೆಕ್ನಿಟ್ಸ್ ಕಾಲುವೆ ತೋಡಿದರು. ಎಲ್ಬೆಗೆ ಹರಿಯುವ ಡೆಲ್ವೆನಾವ್ ಹೊಳೆಗೂ ಟ್ರಾವಕ್ಕೆ ಹರಿಯುವ ಸ್ಟೆಕ್ನಿಟ್ಸ್ ಹೊಳೆಗೂ ನಡುವಿನ ಏರುನೆಲದಲ್ಲಿ ಸುಮಾರು 11 ಕಿ.ಮೀ. ಕಾಲುವೆ. ನೀರಿನ ಆಳ ಒಂದು ಮೀಟರಿಗೂ ಕಡಿಮೆ. ಎರಡು ನದಿ ಕಣಿವೆಗಳ ನಡುವಿನ ದಿಣ್ಣೆ ದಾಟಿದ ಯುರೋಪಿನ ಮೊದಲ ಕಾಲುವೆ ಇದು. 1398ರಲ್ಲಿ ಉಪ್ಪು ತುಂಬಿದ ಮೊದಲ ದೋಣಿಗಳು ಊರು ಸೇರಿದವು.

ಕಷ್ಟವಿದ್ದದ್ದು ದಿಣ್ಣೆಯ ಮೇಲಿನ ನೀರಿನಲ್ಲಿ. ಆರಂಭದ ತೂಬುಗಳಲ್ಲಿ ಹೆಚ್ಚಿನವು ಒಂಟಿ ಬಾಗಿಲಿನವು. ಬಾಗಿಲು ಮುಚ್ಚಿ ಮೇಲ್ಗಡೆ ನೀರು ಶೇಖರಿಸಬೇಕು. ಸಾಕಷ್ಟು ಆದಾಗ ತೆರೆದರೆ ಉಕ್ಕುವ ಅಲೆಯ ಮೇಲೆ ದೋಣಿಗಳು ಒಟ್ಟಾಗಿ ಮುಂದಿನ ತೂಬಿನವರೆಗೆ ಜಾರುತ್ತವೆ. ಒಮ್ಮೆ ತೆರೆದ ಮೇಲೆ ಮತ್ತೆ ನೀರು ತುಂಬಲು ದಿನಗಟ್ಟಲೆ ಕಾಯಬೇಕು. ತಡವಾಗಿ ಬಂದ ದೋಣಿ ಕೆಸರಿನಲ್ಲಿ ಕೂರುತ್ತದೆ. ಸುಮಾರು 95 ಕಿ.ಮೀ. ಪಯಣಕ್ಕೆ ವಾರಗಳೇ ಹಿಡಿಯುತ್ತಿದ್ದವು. ಗಾಳಿಯಿಲ್ಲದ ಕಡೆ, ಏರುನೀರಿನಲ್ಲಿ, ದಂಡೆಯ ಮೇಲಿಂದ ಮನುಷ್ಯರೇ ಹಗ್ಗ ಎಳೆಯುತ್ತಿದ್ದರು. ಇಷ್ಟಾದರೂ ಗಾಡಿಗಿಂತ ಮೇಲು, ಏಕೆಂದರೆ ಒಂದು ದೋಣಿ ಏಳೆಂಟು ಟನ್ ಹೊರುತ್ತಿತ್ತು.

ಲಾವೆನ್‌ಬುರ್ಗ್‌ನಲ್ಲಿ ‘ಪಾಲ್ಮ್ ಶ್ಲಾಯ್ಸೆ’ ಎಂಬ ದುಂಡನೆಯ ಕಲ್ಲಿನ ತೊಟ್ಟಿ ಈಗಲೂ ಉಳಿದಿದೆ. ಅದು ಎರಡು ಬಾಗಿಲಿನದು. ಈಗ ಕಾಣುವ ಕಲ್ಲಿನ ರೂಪ 1724ರದ್ದು. 1398ರ ತೂಬು ಎಂದುಕೊಂಡು ನೋಡಬೇಡಿ. 1900ರಲ್ಲಿ ಹೊಸ ಎಲ್ಬೆ–ಲ್ಯೂಬೆಕ್ ಕಾಲುವೆ ಬಂದು ಹಳೆಯದರ ಬಹುಭಾಗವನ್ನು ನುಂಗಿತು. ಅದರ ದಂಡೆಯಲ್ಲಿ ಸೈಕಲ್ ದಾರಿಯಿದೆ. ಏರಿಳಿತ ಬಹಳ ಕಡಿಮೆ.

ಹಳೆಪೇಟೆ

ಹಾನ್ಸೆಯನ್ನು ಒಂದು ರಾಜ್ಯದಂತೆ ಮಾತಾಡುವವರು ಇದ್ದಾರೆ. ಅದಕ್ಕೆ ಸ್ಥಾಪನೆಯ ಶಾಸನವಿರಲಿಲ್ಲ, ಖಾಯಂ ಸೈನ್ಯವಿರಲಿಲ್ಲ, ಖಾಯಂ ಖಜಾನೆ ಇರಲಿಲ್ಲ. ಸಭೆಗೆ ಬಾರದ ಊರುಗಳೇ ಹೆಚ್ಚು. ನಿಜವಾದ ಆಯುಧಗಳು ಎರಡು: ಸರಕು ಕೊಡದೆ ದಿಗ್ಬಂಧನ ಹಾಕುವುದು, ಮಾತು ಕೇಳದ ಊರನ್ನು ಕೂಟದಿಂದ ಹೊರಗಿಡುವುದು. 1471ರಲ್ಲಿ ಕಲೋನ್‌ನಂಥ ದೊಡ್ಡ ಊರನ್ನೇ ಹೊರಗಿಟ್ಟರು.

ಯುದ್ಧಕ್ಕೆ ಇಳಿದಾಗಲೂ ಲೆಕ್ಕಾಚಾರ ವರ್ತಕರದ್ದೇ. 1361ರಲ್ಲಿ ಡೆನ್ಮಾರ್ಕ್‌ನ ನಾಲ್ಕನೇ ವಾಲ್ಡೆಮಾರ್ ಬಾಲ್ಟಿಕ್‌ನ ಗಾಟ್‌ಲ್ಯಾಂಡ್ ದ್ವೀಪದ ವರ್ತಕರ ಊರು ವಿಸ್ಬಿಯನ್ನು ಹಿಡಿದ. ಮರುವರ್ಷ ಲ್ಯೂಬೆಕ್‌ನ ಮೇಯರ್ ಯೋಹಾನ್ ವಿಟ್ಟೆನ್‌ಬೋರ್ಗ್ ನೌಕಾಪಡೆ ಒಯ್ದು ಹೆಲ್ಸಿಂಗ್‌ಬೋರ್ಗ್‌ನಲ್ಲಿ ಸೋತ. 1363ರಲ್ಲಿ ಅವನದೇ ಊರಿನ ಸಂತೆಮಾಳದಲ್ಲಿ ಅವನ ತಲೆ ಕಡಿಸಿದರು. ಅವನ ವ್ಯಾಪಾರದ ಲೆಕ್ಕಪುಸ್ತಕ ಇವತ್ತಿಗೂ ಉಳಿದಿದೆ. 1367ರಲ್ಲಿ ಊರುಗಳು ಕಲೋನ್‌ನಲ್ಲಿ ಸೇರಿ ಕೂಟ ಕಟ್ಟಿ, ಬಂದರಿನಲ್ಲಿ ಸರಕಿನ ಬೆಲೆಯ ಮೇಲೆ ‘ಪೌಂಡ್ ಸುಂಕ’ ಎತ್ತಿ ಯುದ್ಧದ ಖರ್ಚು ತೂಗಿಸಿದವು. 1370ರ ಸ್ಟ್ರಾಲ್‌ಸುಂಡ್ ಒಪ್ಪಂದದಲ್ಲಿ ಅವರು ಕೇಳಿದ್ದೇನು ನೋಡಿ: ಸ್ಕಾನೊರ್, ಫಾಲ್‌ಸ್ಟರ್‌ಬೊ, ಮಾಲ್ಮೊ, ಹೆಲ್ಸಿಂಗ್‌ಬೋರ್ಗ್ ಕೋಟೆಗಳು 15 ವರ್ಷ ತಮ್ಮ ವಶದಲ್ಲಿರಬೇಕು, ಅಲ್ಲಿನ ಆದಾಯದ ಮೂರನೇ ಎರಡು ಪಾಲು ತಮಗೆ ಸಲ್ಲಬೇಕು. ನಾಲ್ಕೂ ಹೆರಿಂಗ್ ದಂಡೆಯ ಕೋಟೆಗಳೇ. ಉಪ್ಪಿನಹರಳು ಅವರು ಹೇಳಿದ್ದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಗಾರೆಕೆಲಸ

ಈಗ ಕಟ್ಟಡಕ್ಕೆ ಬರೋಣ. ಈ ಸೀಮೆಯಲ್ಲಿ ಕಟ್ಟಡಕ್ಕೆ ಒದಗುವ ಬಂಡೆಯಿಲ್ಲ. ಹಿಮನದಿ ತಂದು ಹಾಕಿದ ಜೇಡಿ ಮತ್ತು ಉರುಟುಗಲ್ಲು ಮಾತ್ರ. 1251 ಮತ್ತು 1276ರ ಬೆಂಕಿಯ ನಂತರ ಮರದ ಮನೆ ಬೇಡವೆಂದು ನಗರಸಭೆ ಇಟ್ಟಿಗೆಯ ಗೋಡೆಯನ್ನೇ ಕಡ್ಡಾಯ ಮಾಡಿತು. ಜೇಡಿಯನ್ನು ತೋಡಿ ಚಳಿಗಾಲದ ಹಿಮಕ್ಕೆ ಬಿಟ್ಟರೆ ಹೆಂಟೆ ಒಡೆದು ಹದವಾಗುತ್ತದೆ. ವಸಂತದಲ್ಲಿ ತುಳಿದು ಅಚ್ಚಿಗೆ ಹಾಕಿ, ನೆರಳಲ್ಲಿ ಒಣಗಿಸಿ, ಗೂಡಿನಲ್ಲಿ ಸುಡುವುದು. ಈ ಜೇಡಿಯ ದೊಡ್ಡ ದೋಷ ಸುಣ್ಣದ ಹರಳು. ಆರಿಸದೆ ಬಿಟ್ಟರೆ ಸುಡುವಾಗ ಅದು ಸುಟ್ಟ ಸುಣ್ಣವಾಗಿ, ಮುಂದೆ ತೇವ ತಾಗಿದಾಗ ಅರಳಿ, ಇಟ್ಟಿಗೆಯ ಮೈಯಿಂದ ಚಕ್ಕೆ ಹಾರಿಸುತ್ತದೆ.

ಮಧ್ಯಯುಗದ ಇಟ್ಟಿಗೆಯ ಅಳತೆ ಸುಮಾರು 28×14×9 ಸೆಂ.ಮೀ., ತೂಕ ಆರು ಕಿಲೋ ಆಸುಪಾಸು. ಇಂದಿನ ಜರ್ಮನ್ ಮಾದರಿ ಇಟ್ಟಿಗೆ 24×11.5×7.1. ಹಳೆ ಗೋಡೆಗೆ ಇದು ಕೂರುವುದಿಲ್ಲ. ದುರಸ್ತಿಗೆ ಬೇರೆಯಾಗಿ ಸುಡಿಸಬೇಕು. ನೋಡುವವರಿಗೆ ಒಂದು ಸುಳುಹು: ಒಂದೇ ಸಾಲಿನಲ್ಲಿ ಎರಡು ಉದ್ದ, ಒಂದು ಅಡ್ಡ, ಮತ್ತೆ ಎರಡು ಉದ್ದ, ಒಂದು ಅಡ್ಡ ಹೀಗೆ ಜೋಡಣೆ ಕಂಡರೆ ಗೋಡೆ ಮಧ್ಯಯುಗದ್ದಿರುವ ಸಾಧ್ಯತೆ ಹೆಚ್ಚು. ಒಂದು ಸಾಲು ಪೂರ್ತಿ ಉದ್ದ, ಮೇಲಿನ ಸಾಲು ಪೂರ್ತಿ ಅಡ್ಡ ಇದ್ದರೆ ಸಾಮಾನ್ಯವಾಗಿ ನಂತರದ್ದು.

ಗಾರೆಯ ಮಾತು ಯಾರೂ ಎತ್ತುವುದಿಲ್ಲ, ಆದರೆ ಜೀವಾಳ ಅದೇ. ಪಶ್ಚಿಮಕ್ಕಿರುವ ಸೆಗೆಬೆರ್ಗ್ ಗುಡ್ಡದ ಜಿಪ್ಸಂ ಸುಟ್ಟು ಮಾಡಿದ ಗಾರೆಯನ್ನೂ ಇಲ್ಲಿ ಬಳಸಿದ್ದಾರೆ. ಬೇಗ ಬಿಗಿಯುತ್ತದೆ, ಗಟ್ಟಿ. ಆದರೆ ಅದರ ಮೇಲೆ ಸಿಮೆಂಟ್ ಹಾಕಿದರೆ ಅನಾಹುತ. ಜಿಪ್ಸಂನ ಸಲ್ಫೇಟ್, ಸಿಮೆಂಟಿನ ಅಲ್ಯುಮಿನೇಟ್, ಮಳೆನೀರು ಮೂರೂ ಸೇರಿ ಎಟ್ರಿಂಗೈಟ್ ಎಂಬ ಹರಳು ಹುಟ್ಟುತ್ತದೆ. ಅದು ಹಿಗ್ಗಿ ಕೀಲುಗಳನ್ನು ಒಳಗಿನಿಂದ ಸಿಡಿಸುತ್ತದೆ. 20ನೇ ಶತಮಾನದಲ್ಲಿ ಒಳ್ಳೆಯ ಮನಸ್ಸಿನಿಂದಲೇ ಮಾಡಿದ ಸಿಮೆಂಟ್ ದುರಸ್ತಿಗಳು ಉತ್ತರ ಜರ್ಮನಿಯ ಹಲವು ಹಳೆಯ ಚರ್ಚ್‌ಗಳನ್ನು ಹೀಗೇ ಕೆಡಿಸಿದವು. ಮೊದಲು ಗಾರೆಯ ಚೂರು ಪರೀಕ್ಷಿಸಬೇಕು, ನೀರು ಇಳಿಯುವ ದಾರಿ ಮುಚ್ಚಬೇಕು, ಆಮೇಲೆ ಹೊಂದುವ ಗಾರೆ ತುಂಬಬೇಕು. ಈ ಕ್ರಮ ತಪ್ಪಿದರೆ ದುರಸ್ತಿಯೇ ರೋಗವಾಗುತ್ತದೆ.

ಕಡಲಗಾಳಿ

ಹೋಲ್‌ಸ್ಟೆನ್ ಬಾಗಿಲು ವಾಲಿರುವುದೂ ಗಾರೆಯ ದೋಷದಿಂದಲೇ?

ಗಾರೆಕೆಲಸ

ಅಲ್ಲ, ನೆಲದ ದೋಷ. ಊರಿನ ನಡುಭಾಗ ಗಟ್ಟಿಯಾದ ದಿಬ್ಬ, ನದಿಯಂಚೆಲ್ಲ ಜೌಗು. ಹಿನ್ರಿಖ್ ಹೆಲ್ಮ್‌ಸ್ಟೆಡೆ 1464ರಿಂದ 1478ರವರೆಗೆ ಕಟ್ಟಿಸಿದ ಈ ಬಾಗಿಲು ಜೌಗಿನ ಮೇಲಿದೆ. ದಕ್ಷಿಣದ ಗೋಪುರ ಕಟ್ಟುವಾಗಲೇ ಕುಸಿಯತೊಡಗಿತು. 1933–34ರಲ್ಲಿ ಕಟ್ಟಡವನ್ನು ಭದ್ರಪಡಿಸಿದರು.

ಗೋಡೆಯ ದಪ್ಪ ನೋಡಿ: ಹೊರಮುಖ 3.5 ಮೀಟರ್, ಊರಿನ ಕಡೆ ಒಂದು ಮೀಟರಿಗೂ ಕಡಿಮೆ. ತೋಪು ಬರುವುದು ಹೊರಗಿನಿಂದ ಎಂಬ ಲೆಕ್ಕ. ಊರಿನ ಕಡೆಯ ‘1477’ ಮತ್ತು ಹೊರಗಿನ ಕಡೆಯ ‘ಒಳಗೆ ಒಗ್ಗಟ್ಟು, ಹೊರಗೆ ಶಾಂತಿ’ ಎಂಬರ್ಥದ ಲ್ಯಾಟಿನ್ ಸಾಲು, ಎರಡೂ 1871ರಲ್ಲಿ ಹಾಕಿದವು. ಮಧ್ಯಯುಗದ ಬರಹವೆಂದು ಹಂಚಬೇಡಿ. 1863ರಲ್ಲಿ ಕೆಡವಬೇಕೋ ಉಳಿಸಬೇಕೋ ಎಂದು ಮತ ಹಾಕಿದಾಗ ಉಳಿದದ್ದು ಒಂದೇ ಮತದ ಅಂತರದಲ್ಲಿ. ಪಕ್ಕದ ಆರು ಉಪ್ಪಿನ ಉಗ್ರಾಣಗಳೂ ಮಧ್ಯಯುಗದವಲ್ಲ; 1579 ಮತ್ತು 1745ರ ನಡುವೆ ಕಟ್ಟಿದವು.

ಹಳೆಪೇಟೆ

ವರ್ತಕನ ಮನೆ ನೋಡದೆ ಬರಬೇಡಿ. ಬೀದಿಗೆ ಕಿರಿದಾದ ತ್ರಿಕೋನದ ಮುಂಗಟ್ಟು, ಹಿಂದಕ್ಕೆ ಉದ್ದ. ಕೆಳಗೆ ಗಾಡಿ ನುಗ್ಗುವಷ್ಟು ಎತ್ತರದ ‘ಡೀಲೆ’ ಎಂಬ ಪಡಸಾಲೆ. ಅಲ್ಲೇ ತೂಕ, ಲೆಕ್ಕ, ಮಾರಾಟ. ಬೀದಿಯ ಕಡೆ ಮೂಲೆಯಲ್ಲಿ ಒಲೆಯಿರುವ ಚಿಕ್ಕ ಕೋಣೆ, ಬರೆಯುವ ಕೈ ಮರಗಟ್ಟದಿರಲೆಂದು. ಮೇಲೆ ಅಟ್ಟದ ಮೇಲೆ ಅಟ್ಟ, ಎಲ್ಲವೂ ಉಗ್ರಾಣ. ತುದಿಯಲ್ಲಿ ದೊಡ್ಡ ರಾಟೆ. ಅಟ್ಟಗಳ ನೆಲದಲ್ಲಿ ಒಂದೇ ನೇರಕ್ಕೆ ಕೊರೆದ ಕಿಂಡಿಗಳ ಮೂಲಕ ಮೂಟೆ ಮೇಲೇರುತ್ತಿತ್ತು. ಮನೆಮನೆಗಳ ನಡುವಿನ ಬೆಂಕಿಗೋಡೆ ಇಬ್ಬರಿಗೂ ಸೇರಿದ್ದು. ಒಬ್ಬ ಕೆಡವಿದರೆ ಪಕ್ಕದವನ ತೊಲೆ ಜೋತುಬೀಳುತ್ತದೆ, ಆದ್ದರಿಂದಲೇ ನಿವೇಶನದ ಗೆರೆಗಳು ಶತಮಾನಗಳ ಕಾಲ ಸರಿಯಲಿಲ್ಲ.

ಮೇರಿ ಚರ್ಚ್‌ನ ಪಶ್ಚಿಮಕ್ಕೆ ‘ಸ್ಥಾಪನಾ ಬಡಾವಣೆ’ ಇದೆ. 1942ರ ಮಾರ್ಚ್ 28ರ ರಾತ್ರಿಯ ಬಾಂಬ್ ದಾಳಿಯಲ್ಲಿ ಸುಟ್ಟುಹೋಗಿ, ಯುದ್ಧದ ನಂತರ ಅಲ್ಲಿ ಶಾಲಾ ಕಟ್ಟಡಗಳು ಬಂದಿದ್ದವು. ಅವನ್ನು ತೆಗೆದು, ಅಗೆದು, 12ನೇ ಶತಮಾನದ ಮರದ ನೆಲಮಾಳಿಗೆಗಳನ್ನು ದಾಖಲಿಸಿ, ಹಳೆಯ ನಿವೇಶನ ಗೆರೆಗಳ ಮೇಲೆಯೇ ಹೊಸ ತ್ರಿಕೋನ ಮುಂಗಟ್ಟಿನ ಮನೆಗಳನ್ನು ಕಟ್ಟಿದ್ದಾರೆ. ಹಳತನ್ನು ನಕಲು ಮಾಡದೆ ಹಳೆಯ ಅಳತೆಯನ್ನು ಗೌರವಿಸಿದ ಕೆಲಸ. ನನ್ನ ಮಟ್ಟಿಗೆ ಇಂದಿನ ಲ್ಯೂಬೆಕ್‌ನಲ್ಲಿ ಇದಕ್ಕಿಂತ ಕಲಿಯಬೇಕಾದದ್ದು ಇಲ್ಲ.

ನಕ್ಷೆಪ್ರಿಯ

ಎಲ್ಲರಿಗೂ ವಂದನೆ. ಮೇರಿ ಚರ್ಚ್ ಬಗ್ಗೆಯೂ ಎರಡು ಮಾತು ಬೇಕು. ಜೊತೆಗೆ ನಡೆಯುವ ದಾರಿ.

ಹಳೆಪೇಟೆ

ಚರ್ಚ್: ಇಟ್ಟಿಗೆಯ ಕಮಾನು ಛಾವಣಿ 38.5 ಮೀಟರ್ ಎತ್ತರ, ಇಟ್ಟಿಗೆಯಲ್ಲಿ ಜಗತ್ತಿಗೇ ಎತ್ತರದ್ದು. ಗೋಪುರಗಳು ಸುಮಾರು 125 ಮೀಟರ್. ಬಿಷಪ್‌ನ ಚರ್ಚ್ ದಕ್ಷಿಣದಲ್ಲಿ ಬೇರೆಯಿದೆ. ಇದು ವರ್ತಕರ ನಗರಸಭೆಯ ಚರ್ಚ್, ಬಿಷಪ್‌ನದನ್ನು ಮೀರಿಸಲೆಂದೇ ಕಟ್ಟಿದ್ದು. 1942ರಲ್ಲಿ ಬಿದ್ದು ಒಡೆದ ಗಂಟೆಗಳನ್ನು ದಕ್ಷಿಣ ಗೋಪುರದಡಿ ಬಿದ್ದಲ್ಲೇ ಬಿಟ್ಟಿದ್ದಾರೆ. ಬೆಂಕಿಯ ಶಾಖಕ್ಕೆ ಸುಣ್ಣ ಉದುರಿ ಹಳೆಯ ಚಿತ್ರಗಳು ಹೊರಬಂದವು. ಅವನ್ನು ಸರಿಪಡಿಸಬೇಕಿದ್ದ ಲೋಥಾರ್ ಮಾಲ್‌ಸ್ಕಾಟ್ ಗರ್ಭಾಂಗಣದ ಮೇಲ್ಭಾಗದಲ್ಲಿ ತಾನೇ ಹೊಸ ಚಿತ್ರ ಬರೆದು ಹಳೆಯದೆಂದು ನಂಬಿಸಿ, 1952ರಲ್ಲಿ ತಾನೇ ಒಪ್ಪಿಕೊಂಡ. ಆ ಚಿತ್ರಗಳನ್ನು ತೊಳೆದುಹಾಕಿದರು. ಸಂಗೀತದವರಿಗೆ: ಬುಕ್ಸ್‌ಟೆಹುಡೆ 1668ರಿಂದ 1707ರವರೆಗೆ ಇಲ್ಲಿ ಆರ್ಗನ್ ನುಡಿಸಿದ, 1705ರಲ್ಲಿ ಬಾಖ್ ಅವನನ್ನು ಕೇಳಲು ಆರ್ನ್‌ಸ್ಟಾಟ್‌ನಿಂದ ಬಂದ.

ದಾರಿ: ಹ್ಯಾಂಬರ್ಗ್ ಮುಖ್ಯ ನಿಲ್ದಾಣದಿಂದ ಪ್ರಾದೇಶಿಕ ರೈಲಿನಲ್ಲಿ ಮುಕ್ಕಾಲು ಗಂಟೆ. ನಿಲ್ದಾಣದಿಂದ ಹೋಲ್‌ಸ್ಟೆನ್ ಬಾಗಿಲಿಗೆ ಹತ್ತು ನಿಮಿಷದ ನಡಿಗೆ. ಮೊದಲು ಸೇಂಟ್ ಪೀಟರ್ ಚರ್ಚ್‌ನ ಲಿಫ್ಟ್ ಹತ್ತಿ 50 ಮೀಟರ್ ಮೇಲಿನಿಂದ ನೋಡಿ. ಟ್ರಾವ ಊರನ್ನು ಸುತ್ತುವ ರೀತಿ ಅಲ್ಲಿಂದ ಒಂದೇ ನೋಟಕ್ಕೆ ಸಿಗುತ್ತದೆ. ಆಮೇಲೆ ಪುರಭವನ. ಅದರ ಎತ್ತರದ ಅಲಂಕಾರ ಗೋಡೆಯಲ್ಲಿರುವ ದೊಡ್ಡ ದುಂಡು ತೂತುಗಳು ಗಾಳಿಗೆ ದಾರಿ ಬಿಡಲು. ಅಲ್ಲಿಂದ ಮೇರಿ ಚರ್ಚ್, ಮೆಂಗ್ ಬೀದಿ, 1535ರ ನಾವಿಕರ ಸಂಘದ ಮನೆ, 1286ರ ಪವಿತ್ರಾತ್ಮ ಆಸ್ಪತ್ರೆ, ಕೊನೆಗೆ ಉತ್ತರದ ಕೋಟೆಬಾಗಿಲ ಬಳಿ 2015ರಲ್ಲಿ ತೆರೆದ ಹಾನ್ಸೆ ವಸ್ತುಸಂಗ್ರಹಾಲಯ. ಇದೊಂದಕ್ಕೇ ಮೂರು ಗಂಟೆ ಬಿಡಿ. ಮೆಂಗ್ ಬೀದಿಯಲ್ಲಿ ಥಾಮಸ್ ಮನ್ ಕಾದಂಬರಿಯಿಂದ ಹೆಸರಾದ ಬುಡೆನ್‌ಬ್ರೂಕ್ ಮನೆ ನವೀಕರಣಕ್ಕೆಂದು ಮುಚ್ಚಿದೆ. ತೆರೆದಿದೆಯೇ ಎಂದು ಮೊದಲೇ ವಿಚಾರಿಸಿ.

ಕಡಲಗಾಳಿ

ಬಾದಾಮಿ ಸಿಹಿ ಕೊಳ್ಳುವವರಿಗೆ: ಮಾರ್ಝಿಪಾನ್ ನಮ್ಮ ಬಾದಾಮಿ ಬರ್ಫಿಯಲ್ಲ, ಹಾಲಿಲ್ಲ, ತುಪ್ಪವಿಲ್ಲ. ಸಿಪ್ಪೆ ತೆಗೆದ ಬಾದಾಮಿಯನ್ನು ಸಕ್ಕರೆಯೊಂದಿಗೆ ಅರೆದು ಹುರಿದ ಮೂಲಹಿಟ್ಟಿನಲ್ಲಿ ಸಕ್ಕರೆ ಶೇ 35 ದಾಟುವಂತಿಲ್ಲ. ‘ಲ್ಯೂಬೆಕರ್’ ಹೆಸರಿಗೆ ಆ ಮೂಲಹಿಟ್ಟು ಕನಿಷ್ಠ ಶೇ 70 ಇರಬೇಕು, ‘ಎಡೆಲ್’ ಎಂದಿದ್ದರೆ ಶೇ 90. ಹೆಚ್ಚು ಮಿದ್ದಿದರೆ ಎಣ್ಣೆ ಬಿಟ್ಟು ಹಿಟ್ಟು ಒಡೆಯುತ್ತದೆ. ತೆರೆದಿಟ್ಟರೆ ಅಂಚು ಒಣಗಿ ಬಿರಿಯುತ್ತದೆ.

ದೋಣಿಸಾಲು

ಇಷ್ಟೆಲ್ಲ ಇದ್ದೂ ಊರು ಇಳಿದದ್ದೇಕೆ ಎಂಬುದು ಬಾಕಿ. ಮೇಲೆ ಬರೆದ ಒಂದೊಂದು ಆಸರೆಯೂ ಬಿಟ್ಟುಹೋಯಿತು. ಡಚ್ಚರು ದೊಡ್ಡ ಹಡಗುಗಳಲ್ಲಿ ಸ್ಕಾಗೆನ್ ಸುತ್ತಿ ನೇರವಾಗಿ ಬಾಲ್ಟಿಕ್‌ಗೆ ಬಂದರು; 60 ಕಿ.ಮೀ. ನೆಲದ ದಾರಿಗೆ ಬೆಲೆ ಹೋಯಿತು. ಫ್ರಾನ್ಸ್‌ನ ಬೂರ್ನೆಫ್ ಕೊಲ್ಲಿಯ ಬಿಸಿಲಿನ ಉಪ್ಪು ಕೊಳಕಾಗಿದ್ದರೂ ಅಗ್ಗ. ಲ್ಯೂನೆಬುರ್ಗ್‌ನ ಬಿಳಿ ಉಪ್ಪಿಗೆ ಪೈಪೋಟಿ ಹುಟ್ಟಿತು. 16ನೇ ಶತಮಾನದಲ್ಲಿ ಸ್ಕಾನಿಯಾದ ಹೆರಿಂಗ್ ಬರುವುದು ಕುಗ್ಗಿತು. ಉತ್ತರ ಸಮುದ್ರದ ಮೀನನ್ನು ಡಚ್ಚರು ಹಡಗಿನ ಮೇಲೆಯೇ ಉಪ್ಪು ಹಾಕುತ್ತಿದ್ದರು. ನೊವ್‌ಗೊರೋಡ್‌ನಲ್ಲಿದ್ದ ಹಾನ್ಸೆಯ ವ್ಯಾಪಾರ ಕೋಠಿಯನ್ನು ಮಾಸ್ಕೋದ ಮೂರನೇ ಇವಾನ್ 1494ರಲ್ಲಿ ಮುಚ್ಚಿಸಿದ, ಲಂಡನ್‌ನದನ್ನು ಎಲಿಜಬೆತ್ ರಾಣಿ 1598ರಲ್ಲಿ.

ನಕ್ಷೆಪ್ರಿಯ

ಕೊನೆಯದಾಗಿ, ಸಂಜೆ ಓಣಿಗಳಲ್ಲಿ ನಡೆಯಬಹುದೇ?

ಹಳೆಪೇಟೆ

ಬಹುದು. ದೊಡ್ಡ ಮನೆಗಳ ಹಿತ್ತಿಲಲ್ಲಿ ಕೂಲಿಕಾರರಿಗೆ ಕಟ್ಟಿದ ಪುಟ್ಟ ಮನೆಗಳ ಸಾಲುಗಳಿವು. ಸುಮಾರು 90 ಉಳಿದಿವೆ. ಬೀದಿಯಿಂದ ತಲೆಬಗ್ಗಿಸಿ ನುಗ್ಗುವ ಸುರಂಗದಂಥ ಬಾಗಿಲು. ಶವಪೆಟ್ಟಿಗೆ ಹೊರತರುವಷ್ಟಾದರೂ ಅಗಲ ಇರಬೇಕೆಂಬುದು ಹಳೆಯ ನಿಯಮ ಎನ್ನುತ್ತಾರೆ. 1639ರ ಫ್ಯೂಖ್ಟಿಂಗ್ ಅಂಗಳ ವರ್ತಕರ ಮತ್ತು ನಾವಿಕರ ವಿಧವೆಯರಿಗೆಂದು ಕಟ್ಟಿದ್ದು. ಎಲ್ಲದರಲ್ಲೂ ಈಗಲೂ ಜನ ವಾಸವಿದ್ದಾರೆ. ಬಾಗಿಲು ಮುಚ್ಚಿದ್ದರೆ ತಳ್ಳಬೇಡಿ, ಕಿಟಕಿಯೊಳಗೆ ಕ್ಯಾಮೆರಾ ತಿರುಗಿಸಬೇಡಿ, ಗುಂಪಾಗಿ ಹೋಗಬೇಡಿ. ಕಲ್ಲುಹಾಸು ಮಳೆಗೆ ಜಾರುತ್ತದೆ. ಅಟ್ಟೆ ಒರಟಾಗಿರುವ ಬೂಟು ಹಾಕಿಕೊಳ್ಳಿ.